ಮಂಗನ ಕಾಯಿಲೆ: ಹಳೆಯ ಲಸಿಕೆ ನಿಂತಿದ್ದೇಕೆ, ಹೊಸದಕ್ಕೆ ತಡವೇಕೆ?

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಮಲೆನಾಡಿನ ಪತ್ರಿಕೆಗಳಲ್ಲಿ ಈಗ ಎರಡು ಸುದ್ದಿಗಳು ಅಕ್ಕಪಕ್ಕದಲ್ಲೇ ಕಾಣಿಸುತ್ತವೆ. ಒಂದು, ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಮಂಗನ ಕಾಯಿಲೆ ದೃಢಪಟ್ಟಿದೆ ಎಂಬುದು. ಇನ್ನೊಂದು, ಹೊಸ ಲಸಿಕೆಯನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಹಂತ ಬಂದಿದೆ ಎಂಬುದು. ಓದಿದವರು ಗೊಂದಲಕ್ಕೆ ಬಿದ್ದರೆ ತಪ್ಪಿಲ್ಲ. ಮೂರು ದಶಕ ಊರೂರಿಗೆ ಬಂದು ಚುಚ್ಚಿದ ಲಸಿಕೆ ಇತ್ತಲ್ಲ, ಅದೇನಾಯಿತು? ಅದು ಕೆಲಸ ಮಾಡುತ್ತಿರಲಿಲ್ಲವಾದರೆ ಅಷ್ಟು ವರ್ಷ ಕೊಟ್ಟಿದ್ದೇಕೆ? ಮಾಡುತ್ತಿತ್ತಾದರೆ ನಿಲ್ಲಿಸಿದ್ದೇಕೆ? ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಬಂತು, 1957ರಲ್ಲೇ ಪತ್ತೆಯಾದ ಕಾಯಿಲೆಗೆ ಇನ್ನೂ ಪ್ರಯೋಗವೇ?

ಈ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ಆದರೆ ಅದನ್ನು ಲಸಿಕೆಯ ಸೀಸೆಯಲ್ಲಷ್ಟೇ ಹುಡುಕಿದರೆ ಸಿಗುವುದಿಲ್ಲ. ಕಾಯಿಲೆ ಹರಡುವ ಉಣುಗಿನ ಜೀವನಚಕ್ರ, ಮಲೆನಾಡಿನ ಮಳೆಗಾಲ ಮತ್ತು ಈ ಕಾಯಿಲೆಯ ವಿರಳತೆ, ಈ ಮೂರನ್ನೂ ಒಟ್ಟಿಗೆ ನೋಡಬೇಕು.

ಮಂಗನದ್ದಲ್ಲ, ಉಣುಗಿನದ್ದು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ವಿಚಿತ್ರ ಜ್ವರ ಹಬ್ಬಿತು. ಮಂಗ ಸಾಯುವುದು, ಜನರಿಗೆ ಜ್ವರ ಬರುವುದು ಎರಡೂ ಒಟ್ಟಿಗೆ ಆದದ್ದರಿಂದ ಭಾರತದಲ್ಲಿಲ್ಲದ ಹಳದಿ ಜ್ವರ ಬಂದುಬಿಟ್ಟಿತೇ ಎಂಬ ಆತಂಕ ಮೊದಲಿಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ಅದುವರೆಗೆ ಯಾರೂ ಕಂಡಿರದ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್‌ಗೆ ಅದು ಹತ್ತಿರದ ಸಂಬಂಧಿ. ಕಾಡಿನ ಹೆಸರೇ ಕಾಯಿಲೆಗೂ ಬಂತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಆಸ್ಪತ್ರೆಯ ಚೀಟಿಗಳಲ್ಲಿ ಕೆಎಫ್‌ಡಿ.

ವೈರಸ್ಸನ್ನು ಸಾಗಿಸುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು. ಅದರ ವರ್ಷದ ಲೆಕ್ಕ ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಮುಂಗಾರು ಹಿಡಿದ ಮೇಲೆ ಬಲಿತ ಉಣುಗುಗಳು ಹೊರಬಂದು ದೊಡ್ಡ ಪ್ರಾಣಿಗಳನ್ನು, ಅದರಲ್ಲೂ ಕಾಡಿಗೆ ಮೇಯಲು ಬಿಟ್ಟ ದನಗಳನ್ನು ಹತ್ತುತ್ತವೆ. ರಕ್ತ ಕುಡಿದು ಉದುರಿದ ಹೆಣ್ಣು ತರಗೆಲೆಗಳ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ಕಳೆದ ಮೇಲೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಸುಂಡಿಲಿ, ನೆಲದ ಹಕ್ಕಿಗಳ ರಕ್ತ ಕುಡಿಯುತ್ತವೆ. ಆಮೇಲೆ ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗುಗಳಾಗುತ್ತವೆ. ಮನುಷ್ಯರಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಈ ಎಳೆ ಉಣುಗೇ. ಗಾತ್ರದಲ್ಲಿ ಗಸಗಸೆ ಕಾಳಿನಷ್ಟು. ಚರ್ಮದ ಮೇಲೆ ಕಂಡರೂ ಮಚ್ಚೆಯೆಂದೋ ಮಣ್ಣಿನ ಚುಕ್ಕೆಯೆಂದೋ ಬಿಟ್ಟುಬಿಡುವಂಥದ್ದು. ಕಚ್ಚಿದ್ದು ನೋಯುವುದಿಲ್ಲ, ಎಷ್ಟೋ ರೋಗಿಗಳಿಗೆ ಉಣುಗು ಕಚ್ಚಿದ ನೆನಪೇ ಇರುವುದಿಲ್ಲ. ಇವುಗಳ ಓಡಾಟ ಹೆಚ್ಚಾಗುವ ಡಿಸೆಂಬರ್‌ನಿಂದ ಮೇವರೆಗಿನ ಕಾಲವೇ ದರಗು (ಒಣಗಿ ಉದುರಿದ ಎಲೆ) ಗುಡಿಸುವ, ಸೊಪ್ಪು ತರುವ, ಸೌದೆ ಕಡಿಯುವ, ಅಡಿಕೆ ಗೊನೆ ಇಳಿಸುವ ಕಾಲವೂ ಹೌದು.

ಹಾಗಾದರೆ ಮಂಗನ ಪಾತ್ರವೇನು? ಕೆಂಪು ಮೂತಿಯ ಮಂಗಕ್ಕೂ ಕಪ್ಪು ಮೂತಿಯ ಮುಸಿಯಕ್ಕೂ ಈ ಸೋಂಕು ತಗುಲಿದರೆ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ. ಆ ರಕ್ತ ಕುಡಿದ ನೂರಾರು ಉಣುಗುಗಳು ಮಂಗ ಸತ್ತೊಡನೆ ಅಲ್ಲೇ ಉದುರಿ ಸುತ್ತಲಿನ ನೆಲವನ್ನು ಅಪಾಯದ ತಾಣ ಮಾಡುತ್ತವೆ. ಅಂದರೆ ಮಂಗ ಇಲ್ಲಿ ಬಲಿಪಶು, ಜೊತೆಗೆ ನಮಗೆ ಮುನ್ಸೂಚನೆ ಕೊಡುವ ಪ್ರಾಣಿ. ಹಾವಳಿಯ ಕಾಲದಲ್ಲಿ ಮಂಗಗಳನ್ನು ಓಡಿಸಿ ಎಂಬ ಬೇಡಿಕೆ ಏಳುವುದುಂಟು. ಓಡಿಸಿದರೆ ಮೈತುಂಬ ಉಣುಗು ಹೊತ್ತುಕೊಂಡೇ ಅವು ಪಕ್ಕದ ಕಾಡಿಗೆ ಹೋಗುತ್ತವೆ.

ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ರೋಗಿಯನ್ನು ದೂರವಿಡುವ ಅಗತ್ಯವೇ ಇಲ್ಲ.

ಹಳೆಯ ಲಸಿಕೆ ಎಲ್ಲಿ ಸೋತಿತು

ಮೊದಲು ಪ್ರಯತ್ನಿಸಿದ್ದು ರಷ್ಯನ್ ಮಿದುಳು ಜ್ವರದ ಲಸಿಕೆಯನ್ನು. ವೈರಸ್‌ಗಳು ಸಂಬಂಧಿಗಳಾದರೂ ಅದರಿಂದ ರಕ್ಷಣೆ ಸಿಗಲಿಲ್ಲ. ಆಮೇಲೆ ನಮ್ಮದೇ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. 1990ರಿಂದ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಡತೊಡಗಿದರು. ತಯಾರಿಕೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ.

ಆರಂಭದ ಫಲಿತಾಂಶ ಚೆನ್ನಾಗಿಯೇ ಇತ್ತು. 1990–92ರ ಕ್ಷೇತ್ರ ಅಧ್ಯಯನದಲ್ಲಿ ಒಂದು ಡೋಸ್‌ಗೆ ಶೇ 79.3, ಎರಡು ಡೋಸ್‌ಗೆ ಶೇ 93.5 ರಕ್ಷಣೆ ಸಿಕ್ಕಿತ್ತು. 2005ರಿಂದ 2010ರವರೆಗಿನ ದತ್ತಾಂಶವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಚಿತ್ರ ಬೇರೆಯೇ. ಒಂದು ಡೋಸ್‌ನಿಂದ ಗಣನೀಯ ರಕ್ಷಣೆ ಇಲ್ಲ. ಎರಡು ಡೋಸ್ ತೆಗೆದುಕೊಂಡವರಿಗೆ ಶೇ 62.4. ಬೂಸ್ಟರ್ ಕೂಡ ಪಡೆದವರಿಗೆ ಶೇ 82.9.

ಶೇ 62 ಅಂದರೆ, ಲಸಿಕೆ ಪಡೆಯದ ಗುಂಪಿನಲ್ಲಿ ನೂರು ಮಂದಿಗೆ ಕಾಯಿಲೆ ಬರುವಂಥ ಪರಿಸ್ಥಿತಿಯಲ್ಲಿ ಅಷ್ಟೇ ದೊಡ್ಡ ಲಸಿಕೆ ಪಡೆದ ಗುಂಪಿನಲ್ಲಿ ಮೂವತ್ತೆಂಟು ಮಂದಿಗೆ ಬರುತ್ತದೆ. ತೀರಾ ತೆಗೆದುಹಾಕುವ ಸಂಖ್ಯೆಯಲ್ಲ. ಆದರೆ ಅದು ಎರಡೂ ಡೋಸ್ ಪೂರೈಸಿದವರ ಲೆಕ್ಕ, ಮತ್ತು ತೊಡಕಿದ್ದದ್ದು ಅಲ್ಲೇ. ನಿಗದಿಯ ಪ್ರಕಾರ ಮೊದಲ ಡೋಸ್, ತಿಂಗಳ ನಂತರ ಎರಡನೆಯದು, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಡಿಸೆಂಬರ್ ಒಳಗೆ ರಕ್ಷಣೆ ಬರಬೇಕೆಂದರೆ ಜುಲೈ–ಆಗಸ್ಟ್‌ನಲ್ಲೇ ಆರಂಭಿಸಬೇಕು. ಅದು ಮಲೆನಾಡಿನಲ್ಲಿ ಹಳ್ಳ ದಾಟಲಾಗದ, ಗದ್ದೆ ನಾಟಿಯ ಹೊತ್ತು. ಬೂಸ್ಟರ್ ಸರದಿ ಬರುವುದು ಕೊಯ್ಲು ಮತ್ತು ಅಡಿಕೆ ಸುಲಿತದ ದಿನಗಳಲ್ಲಿ. ಮೇಲಾಗಿ ಚುಚ್ಚಿದ ಜಾಗದಲ್ಲಿ ವಿಪರೀತ ನೋವು. ದಿನಗೂಲಿಯವರಿಗೆ ತೋಳು ಎತ್ತಲಾಗದಿದ್ದರೆ ಆ ದಿನದ ಸಂಬಳ ಹೋದಂತೆ. ಮೊದಲನೆಯದು ಪಡೆದವರು ಎರಡನೆಯದಕ್ಕೆ ಬರಲಿಲ್ಲ, ಎರಡು ಪಡೆದವರು ಬೂಸ್ಟರ್‌ಗೆ ಬರಲಿಲ್ಲ. ಒಂದೇ ಡೋಸ್ ಪಡೆದವರು ತಮಗೆ ಲಸಿಕೆ ಆಗಿದೆ ಎಂದುಕೊಂಡೇ ಕಾಡಿಗೆ ಹೋದರು. ಹೆಚ್ಚು ಅಪಾಯಕಾರಿ ಇದೇ.

ಇದರ ಜೊತೆಗೆ ಲಸಿಕೆಯ ಸಾಮರ್ಥ್ಯದ ಬಗ್ಗೆಯೇ ಪ್ರಶ್ನೆ ಎದ್ದಿತು. ಪೂರ್ತಿ ಡೋಸ್ ಪಡೆದವರಲ್ಲೂ ಕಾಯಿಲೆ ಕಾಣಿಸಿಕೊಂಡಿತು. ಕೊನೆಗೆ 2022ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು.

‘ಇದ್ದದ್ದನ್ನಾದರೂ ಕೊಡಿ’ ಎಂಬ ವಾದ

ಹಳೆಯ ಲಸಿಕೆಯನ್ನೇ ಮುಂದುವರಿಸಬೇಕಿತ್ತು ಎನ್ನುವವರ ಮಾತಿನಲ್ಲಿ ತರ್ಕವಿದೆ. ಶೇ 62 ಸೊನ್ನೆಗಿಂತ ಮೇಲು. ಈ ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ, ಹಾವಳಿ ಜೋರಾದಾಗ ಇನ್ನೂ ಹೆಚ್ಚು. 1983ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಸೀಮೆಯ ಹಾವಳಿಯಲ್ಲಿ 1,555 ಪ್ರಕರಣಗಳು, 150 ಸಾವು ದಾಖಲಾದವು. ಹೀಗಿರುವಾಗ ಅರೆಬರೆ ರಕ್ಷಣೆಯನ್ನೂ ಕಿತ್ತುಕೊಂಡದ್ದು ಸರಿಯೇ ಎಂಬುದು ಅವರ ಪ್ರಶ್ನೆ.

ಇನ್ನೊಂದು ಪಕ್ಷ ಹೇಳುವುದು: ಆ ಶೇ 62 ಒಂದು ಕಾಲದ ಲಸಿಕೆಯ ಅಂಕಿ. ತಯಾರಾಗುವ ಪ್ರತಿ ಬ್ಯಾಚ್‌ನಲ್ಲೂ ಅಷ್ಟೇ ಸಾಮರ್ಥ್ಯವಿದೆ ಎಂಬ ಖಾತರಿಯಿಲ್ಲದೆ ಆರೋಗ್ಯವಂತರಿಗೆ ಚುಚ್ಚುವಂತಿಲ್ಲ. ಹುಸಿ ಧೈರ್ಯದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲಸಿಕೆ ಪಡೆದವನಿಗೆ ಜ್ವರ ಬಂದರೆ ಅವನೂ ಕೆಎಫ್‌ಡಿ ಎಂದುಕೊಳ್ಳುವುದಿಲ್ಲ, ಕೆಲವೊಮ್ಮೆ ವೈದ್ಯರೂ ಅಂದುಕೊಳ್ಳುವುದಿಲ್ಲ, ರಕ್ತಪರೀಕ್ಷೆ ತಡವಾಗುತ್ತದೆ. ಈ ಎರಡನೆಯ ವಾದವೇ ಹೆಚ್ಚು ಗಟ್ಟಿ. ಆದರೆ ನಿಲ್ಲಿಸುವ ನಿರ್ಧಾರ ಸರಿಯಾಗಿದ್ದರೂ ಬದಲಿ ಸಿದ್ಧವಾಗುವ ಮೊದಲೇ ಅದು ಬರುವಂತಾದದ್ದು ಬೇರೆಯೇ ವಿಷಯ. 2013ರಲ್ಲೇ ಕೈಯಲ್ಲಿದ್ದ ಅಂಕಿಗಳನ್ನು ನೋಡಿ ಆಗಲೇ ಹೊಸದಕ್ಕೆ ಕೈ ಹಾಕಿದ್ದರೆ ಈ ಖಾಲಿ ವರ್ಷಗಳು ಇಷ್ಟು ಉದ್ದವಾಗುತ್ತಿರಲಿಲ್ಲ.

ಮೂರನೆಯ ವಾದ ನೆಲ ಮತ್ತು ಕಾಡಿನದು. ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಬರೆದಿದ್ದರು: ಜನ ಕಾಡು ಕಡಿದು ಗದ್ದೆ ಮಾಡಿದರು, ದನಗಳನ್ನು ಅಂಚಿನ ಕಾಡಿಗೆ ಬಿಟ್ಟರು, ದನಗಳು ಬಲಿತ ಉಣುಗುಗಳಿಗೆ ಊಟವಾದವು, ಉಣುಗಿನ ಸಂಖ್ಯೆ ಏರಿತು. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ, ಆದರೆ ಉಣುಗಿನ ಸಂತತಿಯನ್ನು ಸಾಕುವುದು ಅದೇ. ಇತ್ತೀಚಿನ ಅಧ್ಯಯನಗಳೂ ಕಾಡು, ತೋಟ, ಊರು ಕಲಸಿಕೊಂಡ ಜಾಗಗಳಲ್ಲೇ ಅಪಾಯ ಹೆಚ್ಚೆಂದು ತೋರಿಸಿವೆ. ಆದರೆ ಸೊಪ್ಪು ತರುವ ಬೆಟ್ಟವಿಲ್ಲದೆ ತೋಟವಿಲ್ಲ, ಮೇಯಲು ಬಿಡದೆ ಮಲೆನಾಡು ಗಿಡ್ಡ ತಳಿಯ ದನಗಳ ಸಾಕಣೆಯಿಲ್ಲ. ಇದು ಕಾರಣವನ್ನು ಸರಿಯಾಗಿ ಹಿಡಿದ ವಾದ, ಪರಿಹಾರ ಮಾತ್ರ ಒಂದೆರಡು ವರ್ಷದ್ದಲ್ಲ.

ಆದರೂ ಈ ವಾದದಿಂದ ಈಗಲೇ ಬಳಸಬಹುದಾದ ಒಂದು ಸಂಗತಿ ಹೊರಡುತ್ತದೆ. ದನಗಳಿಗೆ ಉಣುಗು ಕೊಲ್ಲುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನೋ ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್ನನ್ನೋ ಕೊಡುವ ಕೆಲಸ ಸಾಮಾನ್ಯವಾಗಿ ಪ್ರಕರಣ ಕಂಡ ಮೇಲೆ, ಜನವರಿಯ ಆಸುಪಾಸಿನಲ್ಲಿ ಚುರುಕಾಗುತ್ತದೆ. ಅಷ್ಟರಲ್ಲಿ ಎಳೆ ಉಣುಗುಗಳು ತರಗೆಲೆಯ ಮೇಲೆ ಹರಡಿಯಾಗಿರುತ್ತವೆ. ಬಲಿತ ಉಣುಗು ದನದ ಮೈಮೇಲಿರುವುದು ಮಳೆಗಾಲದಲ್ಲಿ. ಆಗ ಕೊಂದ ಒಂದೊಂದು ಹೆಣ್ಣಿನ ಲೆಕ್ಕಕ್ಕೆ ನೂರಾರು ಮೊಟ್ಟೆ ಕಡಿಮೆ. ಹಾಲು ಕರೆಯುವ ಹಸುವಿಗೆ ಐವರ್‌ಮೆಕ್ಟಿನ್ ಕೊಡುವಂತಿಲ್ಲ, ಯಾವ ದನಕ್ಕೆ ಏನು ಎಂಬುದನ್ನು ಪಶುವೈದ್ಯರೇ ತೀರ್ಮಾನಿಸಬೇಕು.

ಹೊಸ ಲಸಿಕೆ: ವಿರಳತೆಯೇ ಅಡ್ಡಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ರೂಪಿಸುತ್ತಿರುವುದೂ ನಿಷ್ಕ್ರಿಯ ವೈರಸ್ಸಿನ ಲಸಿಕೆಯೇ. ಎರಡು ಡೋಸ್. ದೇಹದ ಪ್ರತಿರೋಧವನ್ನು ಹುರಿದುಂಬಿಸುವ ಅಡ್ಜುವಂಟ್ ಎಂಬ ಸಾಮಗ್ರಿಯನ್ನು ಇದಕ್ಕೆ ಸೇರಿಸಿದ್ದಾರೆ. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದು ಮನುಷ್ಯರ ಮೊದಲ ಹಂತಕ್ಕೆ ಬಂದಿದೆ.

ಮೊದಲ ಹಂತದಲ್ಲಿ ಕೆಲವೇ ಆರೋಗ್ಯವಂತ ವಯಸ್ಕರಿಗೆ ಕೊಟ್ಟು ಸುರಕ್ಷಿತವೇ ಎಂದು ನೋಡುತ್ತಾರೆ. ಕಾಯಿಲೆ ತಡೆಯುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆಯೇ ಅಲ್ಲ. ಎರಡನೆಯ ಹಂತದಲ್ಲಿ ಹೆಚ್ಚು ಜನ, ಎಷ್ಟು ಪ್ರಮಾಣಕ್ಕೆ ಎಷ್ಟು ಪ್ರತಿಕಾಯ ಹುಟ್ಟುತ್ತದೆ ಎಂಬ ಅಳತೆ. ಮೂರನೆಯದರಲ್ಲಿ ನಿಜವಾಗಿ ಕಾಯಿಲೆ ತಡೆಯುತ್ತದೆಯೇ ಎಂಬ ಪರೀಕ್ಷೆ. ‘ಪ್ರಯೋಗ ಯಶಸ್ವಿ’ ಎಂಬ ತಲೆಬರಹ ಕಂಡರೆ ಯಾವ ಹಂತ ಎಂಬುದನ್ನು ಮೊದಲು ನೋಡಬೇಕು.

ಕೋವಿಡ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಮೂರನೆಯ ಹಂತದಲ್ಲಿದೆ. ಕೆಎಫ್‌ಡಿಯ ಪ್ರಕರಣಗಳು ವರ್ಷಕ್ಕೆ ಸರಾಸರಿ 400ರಿಂದ 500 ಎಂಬುದು ಸಾಮಾನ್ಯ ಅಂದಾಜು, ಅದೂ ಹಲವು ಜಿಲ್ಲೆಗಳಲ್ಲಿ ಚದುರಿ. ಲೆಕ್ಕ ಸುಲಭವಾಗಲೆಂದು ಒಂದು ಸೀಮೆಯಲ್ಲಿ ಸಾವಿರಕ್ಕೆ ಒಬ್ಬರಿಗೆ ಒಂದು ಋತುವಿನಲ್ಲಿ ಕಾಯಿಲೆ ಬರುತ್ತದೆ ಎಂದುಕೊಳ್ಳಿ. ಲಸಿಕೆ ಪಡೆಯದ ಗುಂಪಿನಲ್ಲಿ ಇಪ್ಪತ್ತು ಪ್ರಕರಣ ಕಾಣಬೇಕೆಂದರೆ 20,000 ಜನ ಬೇಕು. ಲಸಿಕೆ ಪಡೆದ ಗುಂಪಿನಲ್ಲೂ ಅಷ್ಟೇ. ಅಲ್ಲಿ ನಾಲ್ಕೇ ಪ್ರಕರಣ ಬಂದರೆ ಶೇ 80 ರಕ್ಷಣೆ ಎನ್ನಬಹುದು. ಅಂದರೆ 40,000 ಸ್ವಯಂಸೇವಕರು, ಅವರಿಗೆಲ್ಲ ಎರಡು ಡೋಸ್, ಇಡೀ ಋತು ಒಬ್ಬೊಬ್ಬರ ಜ್ವರದ ಮೇಲೂ ಕಣ್ಣು. ಇಷ್ಟೆಲ್ಲ ಮಾಡಿದ ವರ್ಷವೇ ವೈರಸ್ ಇನ್ನೊಂದು ತಾಲ್ಲೂಕಿನಲ್ಲಿ ಕಾಣಿಸಿಕೊಂಡರೆ ಎರಡೂ ಗುಂಪಿನಲ್ಲಿ ಸೊನ್ನೆ, ಅಧ್ಯಯನ ನೀರುಪಾಲು.

ಅಡ್ಡದಾರಿ ಇಲ್ಲವೆಂದಲ್ಲ. ಯುರೋಪಿನಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಲಸಿಕೆಗಳ ವಿಷಯದಲ್ಲಿ ರಕ್ತದಲ್ಲಿ ವೈರಸ್ಸನ್ನು ನಿಷ್ಪರಿಣಾಮಗೊಳಿಸುವ ಪ್ರತಿಕಾಯಗಳ ಮಟ್ಟವನ್ನೇ ರಕ್ಷಣೆಯ ಗುರುತಾಗಿ ಹಿಡಿದರು. ಕೆಎಫ್‌ಡಿಗೂ ಅದೇ ಅಳತೆಗೋಲನ್ನು, ಪ್ರಾಣಿಗಳಿಗೆ ವೈರಸ್ ಕೊಟ್ಟು ನೋಡಿದ ಫಲಿತಾಂಶದ ಜೊತೆಗಿಟ್ಟು, ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟು, ಬಳಕೆಗೆ ಬಂದ ಮೇಲೆ ನೈಜ ರಕ್ಷಣೆಯನ್ನು ಅಳೆಯಬಹುದು. ಗಂಭೀರ ಕಾಯಿಲೆಗಳಿಗೆ ತ್ವರಿತ ಒಪ್ಪಿಗೆ ನೀಡಲು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳಲ್ಲಿ ಅವಕಾಶವಿದೆ. ಆ ದಾರಿ ಹಿಡಿದರೂ ಕೆಲಸ ತಿಂಗಳುಗಳದ್ದಲ್ಲ, ಋತುಗಳದ್ದು.

ಖರೀದಿಸುವವರು ಯಾರು ಎಂಬುದೂ ಇದೆ. ಕೊಳ್ಳುವುದು ಸರ್ಕಾರ ಮಾತ್ರ, ಬೇಕಾಗುವುದು ಕೆಲವೇ ತಾಲ್ಲೂಕುಗಳಿಗೆ. ಇಷ್ಟು ಚಿಕ್ಕ ಬೇಡಿಕೆಗೆ, ಜೀವಂತ ಕೆಎಫ್‌ಡಿ ವೈರಸ್ ಬೆಳೆಸುವ ಉನ್ನತ ಜೈವಿಕ ಸುರಕ್ಷತೆಯ ಘಟಕವನ್ನು ಸುಮ್ಮನೆ ಯಾರೂ ನಡೆಸುವುದಿಲ್ಲ. ಹಲವು ವರ್ಷಗಳ ಖರೀದಿ ಭರವಸೆ ಬರಹದಲ್ಲಿ ಇಲ್ಲದಿದ್ದರೆ ಒಪ್ಪಿಗೆ ಸಿಕ್ಕ ಲಸಿಕೆಯೂ ದಾಸ್ತಾನಿಲ್ಲದೆ ನಿಲ್ಲಬಹುದು.

ಲಸಿಕೆ ಇಲ್ಲದ ಋತುವಿನಲ್ಲಿ

ಈಗ ಜೀವ ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಜ್ವರದ ಎಷ್ಟನೆಯ ದಿನ ಕಾಯಿಲೆ ಗೊತ್ತಾಯಿತು ಎಂಬುದರ ಮೇಲೆ ನಿಂತಿದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜೋರು ಜ್ವರ, ತಡೆಯಲಾಗದ ತಲೆನೋವು, ಸೊಂಟ–ಮಾಂಸಖಂಡಗಳ ನೋವು, ಕಣ್ಣು ಕೆಂಪು, ವಾಂತಿ–ಭೇದಿ. ಕೆಲವರಲ್ಲಿ ವಸಡು, ಮೂಗಿನಿಂದ ರಕ್ತ. ರಕ್ತದೊತ್ತಡ, ಪ್ಲೇಟ್‌ಲೆಟ್, ಬಿಳಿ ರಕ್ತಕಣ ಮೂರೂ ಇಳಿಯುತ್ತವೆ. ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್ ಎಲ್ಲವೂ ಮೊದಲ ದಿನಗಳಲ್ಲಿ ಹೀಗೆಯೇ. ಆದ್ದರಿಂದ ‘ಕಾಡಿಗೆ, ತೋಟಕ್ಕೆ ಹೋಗಿದ್ದೆ, ಹತ್ತಿರದಲ್ಲಿ ಮಂಗ ಸತ್ತಿತ್ತು’ ಎಂಬ ಮಾತನ್ನು ವೈದ್ಯರು ಕೇಳದಿದ್ದರೂ ರೋಗಿಯ ಕಡೆಯವರೇ ಹೇಳಬೇಕು. ಆ ಒಂದು ವಾಕ್ಯ ಪರೀಕ್ಷೆಯ ಹಾದಿಯನ್ನೇ ಬದಲಿಸುತ್ತದೆ.

ಪರೀಕ್ಷೆಯಲ್ಲೂ ದಿನದ ಲೆಕ್ಕವಿದೆ. ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲೇ ಇರುವುದರಿಂದ ಆರ್‌ಟಿ–ಪಿಸಿಆರ್ ನೆಚ್ಚಬಹುದಾದದ್ದು. ಐದಾರು ದಿನ ಕಳೆದ ಮೇಲೆ, ಸೋಂಕಿಗೆ ದೇಹ ಮೊದಲು ಹುಟ್ಟಿಸುವ ಐಜಿಎಂ ಪ್ರತಿಕಾಯವನ್ನು ಹುಡುಕುವ ಎಲಿಸಾ ಪರೀಕ್ಷೆ. ಮೊದಲ ದಿನವೇ ಐಜಿಎಂ ಮಾಡಿದರೆ ನೆಗೆಟಿವ್ ಬರುತ್ತದೆ. ತಡವಾಗಿ ಪಿಸಿಆರ್ ಮಾಡಿದರೂ ನೆಗೆಟಿವ್ ಬರಬಹುದು. ಮಾದರಿಯನ್ನು ಐಸ್ ಪ್ಯಾಕ್ ಇಲ್ಲದೆ ಬಿಸಿಲಲ್ಲಿ ಬಸ್ಸಿಗೆ ಹಾಕಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸಿದರೆ ಇರುವ ವೈರಸ್ಸೂ ಸಿಗದೆ ಹೋದೀತು. ಲಕ್ಷಣ ಹೊಂದುತ್ತಿದ್ದರೆ ಒಂದು ನೆಗೆಟಿವ್ ವರದಿ ಕಾಯಿಲೆಯನ್ನು ತಳ್ಳಿಹಾಕುವುದಿಲ್ಲ, ಮರುಪರೀಕ್ಷೆ ಬೇಕು.

ವೈರಸ್ಸನ್ನೇ ಕೊಲ್ಲುವ ಮದ್ದು ಇನ್ನೂ ಇಲ್ಲ. ಚಿಕಿತ್ಸೆ ಎಂದರೆ ದ್ರವ, ರಕ್ತದೊತ್ತಡದ ನಿಗಾ, ರಕ್ತಸ್ರಾವವಾದರೆ ರಕ್ತದ ಘಟಕಗಳು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಪ್ಲೇಟ್‌ಲೆಟ್ ಇಳಿದವರಿಗೆ ಮಾಂಸಖಂಡಕ್ಕೆ ಇಂಜೆಕ್ಷನ್ನೂ ಬೇಡ.

ಇನ್ನೊಂದು ಮೋಸದ ಘಟ್ಟ ಇದೆ. ಒಂದೆರಡು ವಾರಕ್ಕೆ ಜ್ವರ ಬಿಟ್ಟು ಎಲ್ಲರೂ ಗುಣವಾಯಿತೆಂದು ನಿಟ್ಟುಸಿರು ಬಿಡುತ್ತಾರೆ. ಶೇ 10ರಿಂದ 20ರಷ್ಟು ರೋಗಿಗಳಲ್ಲಿ ಅದು ನಡುವಿನ ವಿರಾಮವಷ್ಟೆ. ಮತ್ತೆ ಜ್ವರ, ತಲೆನೋವು, ಕೈಕಾಲು ನಡುಕ, ದೃಷ್ಟಿ ಮಂಜು, ಮಾತು–ವರ್ತನೆಯಲ್ಲಿ ಏರುಪೇರು ಬರುತ್ತವೆ. ಮನೆಗೆ ಬಂದ ರೋಗಿಯನ್ನು ಇನ್ನೂ ಮೂರು ವಾರ ಗಮನಿಸಬೇಕೆಂದು ಬಿಡುಗಡೆ ಚೀಟಿಯಲ್ಲೇ ಬರೆದುಕೊಡುವುದು ಒಳ್ಳೆಯದು.

ತಡೆಗೆ ಈಗ ಆರೋಗ್ಯ ಇಲಾಖೆ ಕೊಡುವುದು ಉಣುಗನ್ನು ದೂರವಿಡುವ ಡೆಪಾ ಎಣ್ಣೆ, ಹಿಂದಿನ ಡಿಎಂಪಿ ಎಣ್ಣೆಯ ಜಾಗಕ್ಕೆ ಬಂದದ್ದು. ಕಾಡಿಗೆ ಹೊರಡುವ ಮುನ್ನ ಪಾದ, ಕಾಲು, ಕೈ, ಕುತ್ತಿಗೆಗೆ ಹಚ್ಚಬೇಕು, ಬೆವರಿನಲ್ಲಿ ತೊಳೆದುಹೋದಂತೆ ಕೆಲವು ಗಂಟೆಗೊಮ್ಮೆ ಮತ್ತೆ. ಬೆಳಗ್ಗೆ ಒಮ್ಮೆ ಹಚ್ಚಿ ಸಂಜೆಯವರೆಗೆ ದರಗು ಗುಡಿಸಿದರೆ ಮಧ್ಯಾಹ್ನದ ಮೇಲೆ ಎಣ್ಣೆ ಇದ್ದರೂ ಇಲ್ಲದಂತೆ. ಗುಡಿಸಿ ತಂದ ದರಗನ್ನು ಜಗುಲಿಯ ಪಕ್ಕ ರಾಶಿ ಹಾಕಿದರೆ ಉಣುಗನ್ನು ಮನೆಗೇ ಕರೆತಂದಂತೆ. ವಾಪಸಾದ ಕೂಡಲೇ ಬಟ್ಟೆ ಬಿಸಿನೀರಿಗೆ, ಸೋಪು ಹಚ್ಚಿ ಸ್ನಾನ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಉಡುದಾರದ ಸುತ್ತ ಬೇರೆಯವರಿಂದ ನೋಡಿಸಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯುವುದು. ಬೀಡಿ ಕಿಡಿ, ಸೀಮೆಎಣ್ಣೆ, ಸುಣ್ಣ ಬೇಡ. ಉಣುಗಿಗೆ ಹಿಂಸೆಯಾದಷ್ಟೂ ಅದರ ಜೊಲ್ಲು ಗಾಯಕ್ಕೆ ಇಳಿಯುವ ಸಾಧ್ಯತೆ ಹೆಚ್ಚು.

ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಅಂಗಾಂಶದ ಮಾದರಿ ತೆಗೆದು, ಕಳೇಬರ ಸುಟ್ಟು, ಸುತ್ತ 50 ಅಡಿಗೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಉದುರಿಸುವುದು ಕ್ರಮ. ವಾಸನೆ ತಡೆಯಲಾರದೆ ಊರವರೇ ಎಳೆದು ಹಳ್ಳಕ್ಕೆ ಎಸೆದರೆ ಆ ಜಾಗದ ಸುಳಿವೇ ಅಳಿಸಿಹೋಗುತ್ತದೆ.

ಲಸಿಕೆ ಬಂದ ಮೇಲೂ ಉಳಿಯುವ ಪ್ರಶ್ನೆ

ಹಳೆಯ ಪದ್ಧತಿಯಲ್ಲಿ ಪ್ರಕರಣವೋ ಸೋಂಕಿತ ಮಂಗವೋ ಉಣುಗೋ ಸಿಕ್ಕ ಜಾಗದ ಸುತ್ತ ಐದು ಕಿಲೋಮೀಟರ್ ವ್ಯಾಪ್ತಿಗೆ ಲಸಿಕೆ ಕೊಡುತ್ತಿದ್ದರು. ಕಾಯಿಲೆ ಮುಂದೆ, ಲಸಿಕೆ ಹಿಂದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಾವಳಿ ಎದ್ದಾಗ ಈ ದೌರ್ಬಲ್ಯ ಎಲ್ಲರ ಕಣ್ಣಿಗೆ ಬಿತ್ತು. ಋತು ಶುರುವಾದ ಮೇಲೆ ಮೊದಲ ಡೋಸ್ ಪಡೆದವರಿಗೆ ಎರಡನೆಯದು ಆಗಿ ರಕ್ಷಣೆ ಹುಟ್ಟುವಷ್ಟರಲ್ಲಿ ಅಪಾಯದ ತಿಂಗಳುಗಳೇ ಕಳೆದಿರುತ್ತವೆ. ಈ ನಡುವೆ ವೈರಸ್ ಕರ್ನಾಟಕದ ಗಡಿಯನ್ನೂ ದಾಟಿದೆ. ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಳೆದ ದಶಕದಲ್ಲೇ ಕಂಡಿದೆ.

ಹೊಸ ಲಸಿಕೆಯೂ ಎರಡು ಡೋಸ್‌ನದೇ. ಎಷ್ಟೇ ಒಳ್ಳೆಯದಾದರೂ ಅದನ್ನೂ ಅಕ್ಟೋಬರ್ ಒಳಗೆ ಮುಗಿಸಬೇಕು, ಅಂದರೆ ಅದೇ ಮಳೆಗಾಲ, ಅದೇ ನಾಟಿ, ಅದೇ ಹಳ್ಳ. ಪ್ರಕರಣ ಕಂಡ ಹಳ್ಳಿಗಷ್ಟೇ ಕೊಡುವುದೋ, ಅಥವಾ ಕಾಡು–ತೋಟ ಬೆರೆತ ಅಪಾಯದ ಸೀಮೆಯನ್ನು ನಕ್ಷೆಯಲ್ಲಿ ಗುರುತಿಸಿ ಹಾವಳಿಗೆ ಮೊದಲೇ ಎಲ್ಲರಿಗೂ ಕೊಡುವುದೋ ಎಂಬುದನ್ನು ಪ್ರಯೋಗ ನಡೆಯುತ್ತಿರುವಾಗಲೇ ನಿರ್ಧರಿಸಬೇಕು. ಎರಡನೆಯದನ್ನು ಆರಿಸಿದರೆ ಬೇಕಾಗುವ ಡೋಸ್‌ಗಳ ಸಂಖ್ಯೆ ಎಷ್ಟೋ ಪಟ್ಟು ಏರುತ್ತದೆ, ತಯಾರಕರಿಗೆ ಬೇಕಾದ ಖರೀದಿ ಭರವಸೆಯ ಮೊತ್ತವೂ ಅದರೊಂದಿಗೆ ಏರುತ್ತದೆ.